ಚಳಿ ನಾಡಿನ ದ್ರಾಕ್ಷಿ, ಮನೆಯ ವೈನ್: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ದ್ರಾಕ್ಷಿಯದ್ದೇ ಮಾತು. ಕೆಲವರ ಮಕ್ಕಳು ಹಿಮ ಬೀಳುವ ದೇಶಗಳಲ್ಲಿ ಬಳ್ಳಿ ಹಾಕಿ ಕೈಸುಟ್ಟುಕೊಂಡಿದ್ದಾರೆ. ಇನ್ನು ಕೆಲವರು ಹುತ್ತರಿ, ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ ವೈನ್ ಹಾಕುವವರು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಕೆನಡಾದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವ ಕಡೆಯೂ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ. ನಮ್ಮ ತೋಟವೂ ತಣ್ಣಗಿದೆ. ಕಾಫಿ ನಡುವೆ ಆ ತಳಿಗಳನ್ನು ತಂದು ಹಾಕಬಹುದೇ?
— ಓದುಗರು, ಮಡಿಕೇರಿ ತಾಲ್ಲೂಕು

ಬೇಡ. ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಗೊನೆ ಬರುವುದಿಲ್ಲ. ಬಂದರೂ ಮಳೆಗೆ ಕೊಳೆಯುತ್ತದೆ.

ಚಳಿ ದೇಶದ ದ್ರಾಕ್ಷಿಬಳ್ಳಿ ಎಲೆ ಉದುರಿಸಿ ನಾಲ್ಕೈದು ತಿಂಗಳು ನಿದ್ದೆ ಹೋಗುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಕ್ಕ ಮೇಲೆಯೇ ಅದರ ಕಣ್ಣುಗಳು ಒಟ್ಟಿಗೆ ಒಡೆಯುವುದು. ಮಡಿಕೇರಿಯಲ್ಲಿ ಜನವರಿ ರಾತ್ರಿಯೂ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಹಾಗಾಗಿ ಬಳ್ಳಿ ಮಲಗುವುದೇ ಇಲ್ಲ. ತುದಿಯ ಒಂದೆರಡು ಕಣ್ಣು ಒಡೆದು ಉಳಿದವು ಹಾಗೇ ಕೂತುಬಿಡುತ್ತವೆ. ವಿಜಯಪುರದ ಬೆಳೆಗಾರರು ಚಾಟ್ನಿ (ಬಳ್ಳಿ ಕತ್ತರಿಸುವುದು) ಮಾಡಿದ ಕೂಡಲೇ ಕಣ್ಣಿಗೆ ಹೈಡ್ರೋಜನ್ ಸಯನಮೈಡ್ ಹಚ್ಚುವುದು ಈ ಕಾರಣಕ್ಕೇ. ಅದು ವಿಷಕಾರಿ ರಾಸಾಯನಿಕ, ಹಿತ್ತಲಲ್ಲಿ ಬಳಸುವ ವಸ್ತುವಲ್ಲ.

ಇನ್ನು ಬಿಸಿಲು. ಕೆನಡಾ, ಫ್ರಾನ್ಸಿನ ದ್ರಾಕ್ಷಿ ಸೀಮೆಗಳಲ್ಲಿ ಜೂನ್ ಹಗಲು ಹದಿನೈದು ಗಂಟೆಗೂ ಮೀರುತ್ತದೆ. ನಮ್ಮಲ್ಲಿ ಹದಿಮೂರು ಗಂಟೆಯೂ ಇಲ್ಲ, ಮಳೆಗಾಲದ ಕಕ್ಕಡ ತಿಂಗಳಲ್ಲಂತೂ ಸೂರ್ಯನ ಮುಖ ಕಾಣುವುದೇ ಕಷ್ಟ. ಅದರ ಮೇಲೆ ಸಿಲ್ವರ್ ಓಕ್ ನೆರಳು. ಕಾಫಿಗೆ ಹಿತವಾದ ನೆರಳು ದ್ರಾಕ್ಷಿಗೆ ಶತ್ರು.

ಎಲ್ಲಕ್ಕಿಂತ ದೊಡ್ಡ ತೊಂದರೆ ಮಳೆ. ಒಳ್ಳೆಯ ವೈನಿಗೆ ಹೆಸರಾದ ಕೆನಡಾದ ಒಕನಾಗನ್ ಕಣಿವೆಯ ದಕ್ಷಿಣ ತುದಿಯಲ್ಲಿ ವರ್ಷಕ್ಕೆ ಸುಮಾರು 300 ಮಿ.ಮೀ. ಮಳೆ. ಮಡಿಕೇರಿಯಲ್ಲಿ 3,000 ಮಿ.ಮೀ. ದಾಟುತ್ತದೆ. ಎಲೆ ಸದಾ ಒದ್ದೆಯಾಗಿದ್ದರೆ ಬೂಜು ತುಪ್ಪಟ ರೋಗ ತಪ್ಪಿದ್ದಲ್ಲ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಮಚ್ಚೆ, ತಿರುಗಿಸಿ ನೋಡಿದರೆ ಅದೇ ಜಾಗದಲ್ಲಿ ಬಿಳಿ ಬೂಜು. ನೀವು ಕಾಫಿಗೂ ಮೆಣಸಿನ ಬಳ್ಳಿಗೂ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ಈ ರೋಗಕ್ಕಾಗಿ. 1885ರಲ್ಲಿ ಫ್ರಾನ್ಸಿನ ವಿಜ್ಞಾನಿ ಮಿಲಾರ್ದೆ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದ ಮದ್ದು ಅದು.

ಹಾಗಂತ ಕೊಡಗಿನಲ್ಲಿ ದ್ರಾಕ್ಷಿ ಆಗುವುದೇ ಇಲ್ಲ ಎಂದಲ್ಲ. ಕುಶಾಲನಗರ, ಹೆಬ್ಬಾಲೆ ಕಡೆಯ ಒಣ ಸೆರಗಿನಲ್ಲಿ ಮನೆಮಟ್ಟಿಗೆ ಎರಡು ನಾಲ್ಕು ಬಳ್ಳಿ ಬೆಳೆಸಬಹುದು. ತಳಿ ಬೆಂಗಳೂರು ನೀಲಿ. ಇದರಲ್ಲಿ ಅಮೆರಿಕದ ಲ್ಯಾಬ್ರುಸ್ಕ ಜಾತಿಯ ರಕ್ತವಿದೆ, ರೋಗ ತಡೆಯುವ ಶಕ್ತಿ ಹೆಚ್ಚು, ಕಡ್ಡಿ ಊರಿದರೆ ಬೇರು ಬಿಡುತ್ತದೆ. ದಿನಕ್ಕೆ ಏಳೆಂಟು ಗಂಟೆ ನೇರ ಬಿಸಿಲು ಬೀಳುವ ಜಾಗದಲ್ಲಿ ಎರಡಡಿ ಗುಂಡಿ ತೋಡಿ, ಬಳ್ಳಿಯಿಂದ ಬಳ್ಳಿಗೆ 3 ಮೀಟರ್ ಬಿಟ್ಟು, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಚಪ್ಪರ ಹಾಕಿ.

ಇದರಲ್ಲಿ ಗೆಲುವು ಸೋಲು ನಿಂತಿರುವುದು ಚಾಟ್ನಿಯ ತಾರೀಕಿನ ಮೇಲೆ. ಮಳೆ ತಗ್ಗಿದ ಮೇಲೆ ಅಕ್ಟೋಬರ್ ಎರಡನೇ ವಾರದ ಆಸುಪಾಸಿನಲ್ಲಿ ಹಣ್ಣಿನ ಚಾಟ್ನಿ ಮಾಡಿದರೆ 130ರಿಂದ 150 ದಿನಕ್ಕೆ, ಅಂದರೆ ಫೆಬ್ರುವರಿ ಕೊನೆ, ಮಾರ್ಚ್ ಮೊದಲಲ್ಲಿ ಗೊನೆ ಮಾಗುತ್ತದೆ. ಹೆಚ್ಚಿನ ವರ್ಷ ಹೂಮಳೆಗೆ ಮೊದಲೇ ಕುಯ್ದುಕೊಳ್ಳಬಹುದು. ಕುಯ್ಲು ಮುಗಿದು ಹದಿನೈದು ದಿನದೊಳಗೆ ಪ್ರತಿ ಕಡ್ಡಿಯಲ್ಲಿ ಒಂದೆರಡು ಕಣ್ಣು ಮಾತ್ರ ಬಿಟ್ಟು ಹಿಂದಕ್ಕೆ ಕತ್ತರಿಸಿ. ಬಯಲುಸೀಮೆಯವರಂತೆ ಏಪ್ರಿಲ್ ಮುಗಿಯಲಿ ಎಂದು ಕಾಯಬೇಡಿ. ಕಾರಣ ಹೀಗಿದೆ: ಮುಂದಿನ ಬೆಳೆಯ ಗೊನೆ ಕಣ್ಣಿನೊಳಗೆ ರೂಪ ತಾಳುವುದು ಈ ಚಾಟ್ನಿಯ ನಂತರದ 40ರಿಂದ 60 ದಿನಗಳಲ್ಲಿ, ಆಗ ಬಿಸಿಲು ಬೇಕೇಬೇಕು. ಮಾರ್ಚ್ ನಡುವೆ ಕತ್ತರಿಸಿದರೆ ಆ ಅವಧಿ ಏಪ್ರಿಲ್ ಕೊನೆ, ಮೇ ತಿಂಗಳಿಗೆ ಬೀಳುತ್ತದೆ. ಏಪ್ರಿಲ್ ಕೊನೆಗೆ ಕತ್ತರಿಸಿದರೆ ಜೂನ್ ಮೋಡಕ್ಕೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಅಕ್ಟೋಬರಿನಲ್ಲಿ ಚಿಗುರಿನ ಜೊತೆ ಗೊನೆಯ ಬದಲು ಬರೀ ಕುಡಿಬಳ್ಳಿ ಹೊರಡುತ್ತದೆ. 'ಬಳ್ಳಿ ಚೆನ್ನಾಗಿದೆ, ಹಣ್ಣಿಲ್ಲ' ಎನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಬೋರ್ಡೋ ದ್ರಾವಣ ಬಲಿತ ಎಲೆಗೆ ಶೇ 1, ಎಳೆ ಚಿಗುರಿಗೆ ಶೇ 0.5 ಸಾಕು. ಕುಯ್ಲಿಗೆ ಒಂದು ತಿಂಗಳು ಇರುವಾಗಲೇ ನಿಲ್ಲಿಸಿ. ಹಣ್ಣಿನ ಮೇಲೆ ಉಳಿದ ತಾಮ್ರ ಯೀಸ್ಟನ್ನು ಹಿಂಡುತ್ತದೆ.

ಮಗಳು, ಅಳಿಯ ಅಮೆರಿಕದ ಮಿನ್ನೆಸೋಟದಲ್ಲಿದ್ದಾರೆ. ಮನೆ ಹಿಂದೆ ಕ್ಯಾಬರ್ನೆ ಸೋವಿನ್ಯೋ ಎಂಬ ದ್ರಾಕ್ಷಿ ಹಾಕಿದ್ದರು. ಚಳಿಗಾಲ ಕಳೆದ ಮೇಲೆ ಬುಡದಿಂದ ಚಿಗುರು ಬಂತು, ಆದರೆ ಎಲೆಯೇ ಬೇರೆ ಥರ ಇದೆ ಎನ್ನುತ್ತಾಳೆ. ಏನು ಮಾಡಬೇಕು?
— ಓದುಗರು, ವಿರಾಜಪೇಟೆ

ಆ ಚಿಗುರನ್ನು ನೆಚ್ಚಿಕೊಳ್ಳಬೇಡಿ ಎಂದು ಮಗಳಿಗೆ ಹೇಳಿ. ಕ್ಯಾಬರ್ನೆಯನ್ನು ಸಾಮಾನ್ಯವಾಗಿ ಬೇರೆ ಜಾತಿಯ ಬೇರಿನ ಮೇಲೆ ಕಸಿ ಕಟ್ಟಿ ಮಾರುತ್ತಾರೆ. ಕಸಿಗಂಟಿನ ಮೇಲಿನದೆಲ್ಲ ಚಳಿಗೆ ಸತ್ತು, ಕೆಳಗಿನ ಕಾಡುಬೇರು ಚಿಗುರಿದೆ. ಅದರಿಂದ ವೈನಿಗಾಗುವ ಹಣ್ಣು ಸಿಗುವುದಿಲ್ಲ.

ಯುರೋಪಿನ ವಿನಿಫೆರ ಜಾತಿಯ ದ್ರಾಕ್ಷಿಗಳಿಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದರೆ ಕಣ್ಣು, ಕಾಂಡ ಎರಡಕ್ಕೂ ಪೆಟ್ಟು. ಉತ್ತರ ಅಮೆರಿಕದ ನದಿ ದಂಡೆಗಳ ಕಾಡುದ್ರಾಕ್ಷಿ ರಿಪಾರಿಯ 35 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ಇದರ ವಂಶ ಸೇರಿಸಿ ಮಿನ್ನೆಸೋಟ ವಿಶ್ವವಿದ್ಯಾಲಯವೇ ತಳಿಗಳನ್ನು ಬಿಡುಗಡೆ ಮಾಡಿದೆ: 1996ರಲ್ಲಿ ಫ್ರಾಂಟೆನಾಕ್, 2002ರಲ್ಲಿ ಲಾ ಕ್ರೆಸೆಂಟ್, 2006ರಲ್ಲಿ ಮಾರ್ಕೆಟ್, 2017ರಲ್ಲಿ ಇಟಾಸ್ಕ. ಕೆಂಪು ವೈನಿಗೆ ನಮ್ಮ ಆಯ್ಕೆ ಮಾರ್ಕೆಟ್, ಬಿಳಿಗೆ ಇಟಾಸ್ಕ, ಅದರಲ್ಲಿ ಹುಳಿ ಕಡಿಮೆ. ಕಸಿ ಇಲ್ಲದ, ಸ್ವಂತ ಬೇರಿನ ಸಸಿಯನ್ನೇ ಕೇಳಿ ಪಡೆಯಲಿ. ಮೇಲಿನ ಕಾಂಡ ಸತ್ತರೂ ಬುಡದಿಂದ ಬರುವುದು ಅದೇ ತಳಿ.

ತಗ್ಗಿನಲ್ಲಿ ನೆಡಬಾರದು, ತಣ್ಣನೆ ಗಾಳಿ ಹರಿದು ಬಂದು ಅಲ್ಲೇ ನಿಲ್ಲುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಒಳ್ಳೆಯದು. ಅಂತರ 6ರಿಂದ 8 ಅಡಿ. ಮೊದಲ ಎರಡು ವರ್ಷ ಬಂದ ಗೊನೆಯನ್ನೆಲ್ಲ ಕಿತ್ತು ಬಿಸಾಡಬೇಕು, ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಲಿ. ಒಂದೇ ಕಾಂಡದ ಬದಲು ಬುಡದಿಂದ ಎರಡು ಕಾಂಡ ಬೆಳೆಸಿದರೆ ಒಂದು ಸೀಳಿದರೂ ಇನ್ನೊಂದು ಉಳಿಯುತ್ತದೆ. ಜುಲೈ ನಡುವಿನ ನಂತರ ಸಾರಜನಕ ಗೊಬ್ಬರ ಬೇಡ. ಕಡ್ಡಿ ಹಸಿರಾಗೇ ಉಳಿದರೆ ಮೊದಲ ಚಳಿಗೇ ಸಾಯುತ್ತದೆ. ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದ ಕಡ್ಡಿಗೆ ಮಾತ್ರ ಚಳಿ ತಡೆಯುವ ಶಕ್ತಿ.

ಕತ್ತರಿಸುವುದು ಚಳಿಗಾಲದ ಕೊನೆಗೆ, ಮಾರ್ಚ್ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲು ಕಣ್ಣು ಪರೀಕ್ಷಿಸಲೇಬೇಕು. ಬೇರೆ ಬೇರೆ ಕಡ್ಡಿಗಳಿಂದ ಐವತ್ತು ಕಣ್ಣುಗಳಾದರೂ ಇರುವಷ್ಟು ತುಂಡು ತಂದು, ಒಂದು ದಿನ ಮನೆಯೊಳಗಿನ ಬೆಚ್ಚಗೆ ಇಟ್ಟು, ಹೊಸ ಬ್ಲೇಡಿನಿಂದ ಪ್ರತಿ ಕಣ್ಣನ್ನು ನೆತ್ತಿಯಿಂದ ತೆಳುವಾಗಿ ಅಡ್ಡ ಕೊಯ್ಯಿರಿ. ಒಳಗೆ ಮೂರು ಮೊಳಕೆ ಕಾಣುತ್ತವೆ: ನಡುವೆ ದೊಡ್ಡದು, ಪಕ್ಕಕ್ಕೆ ಎರಡು ಸಣ್ಣವು. ನಡುವಿನದು ಹಚ್ಚಹಸಿರಾಗಿದ್ದರೆ ಜೀವಂತ, ಕಂದು ಅಥವಾ ಕಪ್ಪಾಗಿದ್ದರೆ ಸತ್ತಿದೆ. ಹೆಚ್ಚಿನ ಬೆಳೆ ಕೊಡುವುದು ನಡುವಿನದೇ. ಅರ್ಧದಷ್ಟು ಸತ್ತಿದ್ದರೆ ವಾಡಿಕೆಗಿಂತ ಎರಡರಷ್ಟು ಕಣ್ಣು ಬಿಟ್ಟು ಕತ್ತರಿಸಿದರೆ ಬೆಳೆ ಸರಿದೂಗುತ್ತದೆ. ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುವುದಕ್ಕೆ ಹೆದರಬೇಕಿಲ್ಲ.

ಕಣ್ಣೊಡೆದ ಮೇಲೆ ಬರುವ ವಸಂತದ ಚಳಿ ಇನ್ನೊಂದು ಗಂಡಾಂತರ. ನಡುಚಳಿಗಾಲದಲ್ಲಿ 30 ಡಿಗ್ರಿ ಕೆಳಗೆ ತಡೆದ ಬಳ್ಳಿಯೇ ಚಿಗುರಿದ ಮೇಲೆ ಸೊನ್ನೆಗಿಂತ 2 ಡಿಗ್ರಿ ಕೆಳಗೆ ಹೋದರೆ ಕಪ್ಪಾಗುತ್ತದೆ. ರಾತ್ರಿಯಿಡೀ ನೀರು ಚಿಮುಕಿಸಿ ಕಾಪಾಡಬಹುದು, ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖ ಚಿಗುರನ್ನು ಸೊನ್ನೆಯ ಹತ್ತಿರ ಹಿಡಿದಿಡುತ್ತದೆ. ಆದರೆ ಬೆಳಿಗ್ಗೆ ಮಂಜುಗಡ್ಡೆ ಕರಗಲು ಶುರುವಾಗುವವರೆಗೆ ನಿಲ್ಲಿಸುವಂತಿಲ್ಲ. ನಡುವೆ ನಿಲ್ಲಿಸಿದರೆ ನೀರು ಆವಿಯಾಗುತ್ತಾ ಚಿಗುರಿನ ಶಾಖವನ್ನೇ ಎಳೆದುಕೊಂಡು ಇನ್ನಷ್ಟು ಹಾನಿ ಮಾಡುತ್ತದೆ.

ಚಳಿ ದೇಶದಲ್ಲಿರುವ ನನ್ನ ತಮ್ಮ ಅಲ್ಲಿಯ ಫ್ರಾಂಟೆನಾಕ್ ಹಣ್ಣಿನಿಂದ ಮಾಡಿದ ವೈನ್ ಬಾಯಿಗಿಡಲಾಗದಷ್ಟು ಹುಳಿ. ಸಕ್ಕರೆ ಹಾಕಿದರೂ ಸರಿಹೋಗಲಿಲ್ಲ.
— ಓದುಗರು, ಸೋಮವಾರಪೇಟೆ

ಸಕ್ಕರೆ ಹುಳಿಯನ್ನು ಮುಚ್ಚುತ್ತದೆ ಅಷ್ಟೇ, ಕಡಿಮೆ ಮಾಡುವುದಿಲ್ಲ. ತಂಪು ರಾತ್ರಿಗಳಲ್ಲಿ ಹಣ್ಣು ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಉರಿಸಿ ಕಳೆದುಕೊಳ್ಳುವುದಿಲ್ಲ. ಜೊತೆಗೆ ರಿಪಾರಿಯ ವಂಶಕ್ಕೇ ಹುಳಿ ಜಾಸ್ತಿ. ಈ ತಳಿಯಲ್ಲಿ ಸಕ್ಕರೆ ಸಾಕಷ್ಟು ಬಂದಿರುತ್ತದೆ, ಹುಳಿ ಇಳಿದಿರುವುದಿಲ್ಲ. ಆದ್ದರಿಂದ ಬಣ್ಣ ನೋಡಿ ಕುಯ್ಯದೆ ಹುಳಿ ಅಳೆದು ಕುಯ್ಯಬೇಕು.

ಅಳೆಯುವುದು ಸುಲಭ. 5 ಮಿ.ಲೀ. ರಸಕ್ಕೆ ಕಾಯಿಸಿ ಆರಿಸಿದ ಶುದ್ಧ ನೀರು ಬೆರೆಸಿ, ಎರಡು ಮೂರು ಹನಿ ಫಿನಾಲ್ಫ್ತಲೀನ್ (ಬಣ್ಣ ಬದಲಿಸಿ ತೋರಿಸುವ ಸೂಚಕ) ಹಾಕಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡನ್ನು ಸಿರಿಂಜಿನಿಂದ ಹನಿಹನಿಯಾಗಿ ಬಿಡಿ. ತಿಳಿಗುಲಾಬಿ ಬಣ್ಣ ನಿಲ್ಲುವಷ್ಟರಲ್ಲಿ ಎಷ್ಟು ಮಿ.ಲೀ. ಖರ್ಚಾಯಿತೋ ಅದನ್ನು 1.5ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಹುಳಿ ಎಂಬುದು ಸಿಗುತ್ತದೆ. 8 ಮಿ.ಲೀ. ಹೋದರೆ 12 ಗ್ರಾಂ. ಕುಡಿಯಲು ಹಿತವಾದದ್ದು 6ರಿಂದ 8. ಹುದುಗುತ್ತಿರುವ ವೈನನ್ನು ಅಳೆಯುವುದಾದರೆ ಮೊದಲು ಚೆನ್ನಾಗಿ ಕುಲುಕಿ ಗಾಳಿಗುಳ್ಳೆ ಹೊರಹಾಕಬೇಕು, ಇಲ್ಲದಿದ್ದರೆ ಲೆಕ್ಕ ಹೆಚ್ಚು ತೋರಿಸುತ್ತದೆ.

ಇಳಿಸಲು ಮೂರು ದಾರಿ, ಮೂರನ್ನೂ ಸ್ವಲ್ಪ ಸ್ವಲ್ಪ ಬಳಸುವುದೇ ಜಾಣತನ. 71ಬಿ ಎಂಬ ಯೀಸ್ಟ್ ಮ್ಯಾಲಿಕ್ ಆಮ್ಲದ ಒಂದು ಪಾಲನ್ನು ತಾನೇ ತಿನ್ನುತ್ತದೆ. ಹುದುಗು ಮುಗಿದ ಮೇಲೆ ಈನೊಕಾಕಸ್ ಬ್ಯಾಕ್ಟೀರಿಯಾ ಹಾಕಿ 18ರಿಂದ 22 ಡಿಗ್ರಿಯಲ್ಲಿಟ್ಟರೆ ಉಳಿದ ಮ್ಯಾಲಿಕ್ ಆಮ್ಲ ಸೌಮ್ಯವಾದ ಲ್ಯಾಕ್ಟಿಕ್ ಆಗುತ್ತದೆ. ಅಲ್ಲಿಯವರೆಗೆ ಸಲ್ಫೈಟ್ (ವೈನ್ ಕೆಡದಂತೆ ಹಾಕುವ ಗಂಧಕದ ಲವಣ) ಹಾಕಬಾರದು, ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಆಮೇಲೂ ಹುಳಿ ಉಳಿದರೆ ಪೊಟ್ಯಾಸಿಯಂ ಬೈಕಾರ್ಬನೇಟ್: ಲೀಟರಿಗೆ 1 ಗ್ರಾಂ ಹಾಕಿದರೆ ಹೆಚ್ಚುಕಡಿಮೆ 1 ಗ್ರಾಂ ಹುಳಿ ಇಳಿಯುತ್ತದೆ. 2 ಗ್ರಾಂ ದಾಟಿಸಬೇಡಿ, ಪಿಎಚ್ 3.6 ಮೀರಿದರೆ ವೈನ್ ಬಾಳಿಕೆ ಬರುವುದಿಲ್ಲ. ಅಡುಗೆ ಸೋಡಾ ಬೇಡವೇ ಬೇಡ, ಉಪ್ಪು ರುಚಿ ಬರುತ್ತದೆ.

ನಾವು ಒಂದು ಕೆಜಿ ದ್ರಾಕ್ಷಿಗೆ ಒಂದು ಕೆಜಿ ಸಕ್ಕರೆ, ಒಂದು ಲೀಟರ್ ನೀರು, ಒಂದು ಹಿಡಿ ಗೋಧಿ, ಯೀಸ್ಟ್ ಹಾಕಿ ಭರಣಿಯಲ್ಲಿಡುತ್ತೇವೆ. ವೈನ್ ಪಾನಕದಂತೆ ಸಿಹಿಯಾಗುತ್ತದೆ, ಕೆಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಯಾಕೆ?
— ಓದುಗರು, ಗೋಣಿಕೊಪ್ಪ. ಇದೇ ಪ್ರಶ್ನೆ ಮಡಿಕೇರಿ, ನಾಪೋಕ್ಲುವಿನಿಂದಲೂ ಬಂದಿದೆ

ಕೊಡಗಿನ ಮನೆಮನೆಯ ಅಳತೆ ಇದು, ಆದರೆ ಲೆಕ್ಕ ಹಾಕಿದರೆ ತಪ್ಪು ಕಾಣುತ್ತದೆ. ಒಂದು ಕೆಜಿ ಹಣ್ಣಿನಿಂದ ಸುಮಾರು 650 ಮಿ.ಲೀ. ರಸ, ಅದರಲ್ಲಿ 110 ಗ್ರಾಂ ಸಕ್ಕರೆ. ನೀರು, ಹಾಕಿದ ಸಕ್ಕರೆ ಸೇರಿ ಒಟ್ಟು ಸುಮಾರು ಎರಡೂಕಾಲು ಲೀಟರ್. ಅಂದರೆ ಲೀಟರಿಗೆ 490 ಗ್ರಾಂ ಸಕ್ಕರೆ! ಶೇ 1 ಆಲ್ಕೋಹಾಲಿಗೆ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಬೇಕು. ಯೀಸ್ಟ್ ಗಟ್ಟಿಮುಟ್ಟಾಗಿದ್ದು ಶೇ 14ರವರೆಗೆ ದುಡಿದರೂ 240 ಗ್ರಾಂ ತಿಂದೀತು, ಮಿಕ್ಕ 250 ಗ್ರಾಂ ಹಾಗೇ ಉಳಿಯುತ್ತದೆ. ವಾಸ್ತವದಲ್ಲಿ ಅಷ್ಟೂ ಆಗುವುದಿಲ್ಲ, ಅಂಥ ಪಾಕದಲ್ಲಿ ಯೀಸ್ಟಿನ ಕಣದೊಳಗಿನ ನೀರೇ ಹೊರಗೆಳೆಯಲ್ಪಟ್ಟು ಅದು ಮೊದಲೇ ಸೋಲುತ್ತದೆ.

ನೀರು ಬಿಡಿ. ಒಂದು ಹೈಡ್ರೋಮೀಟರ್ (ರಸದ ಸಾಂದ್ರತೆ ಅಳೆಯುವ, ತೇಲುವ ಗಾಜಿನ ಕೊಳವೆ) ಕೊಂಡುಕೊಳ್ಳಿ. ಚೆನ್ನಾಗಿ ಮಾಗಿದ ಬೆಂಗಳೂರು ನೀಲಿಯ ರಸ 1.070ರ ಆಸುಪಾಸು ತೋರಿಸುತ್ತದೆ, ಅದರಿಂದ ಶೇ 9ಕ್ಕೆ ಸ್ವಲ್ಪ ಮೇಲಿನ ವೈನ್ ಆಗುತ್ತದೆ. ಶೇ 12 ಬೇಕಿದ್ದರೆ ಲೀಟರ್ ರಸಕ್ಕೆ 45ರಿಂದ 50 ಗ್ರಾಂ ಸಕ್ಕರೆ ಸಾಕು. 5 ಕೆಜಿ ಹಣ್ಣಿಗೆ 5 ಕೆಜಿ ಅಲ್ಲ, 150 ಗ್ರಾಂ. ಸಿಹಿ ಇಷ್ಟವಿದ್ದವರು ಕುಡಿಯುವಾಗ ಲೋಟಕ್ಕೆ ಬೆರೆಸಿಕೊಳ್ಳಲಿ.

5 ಕೆಜಿ ಹಣ್ಣಿನ ಕ್ರಮ ಇದು. ಕೊಳೆತ ಹಣ್ಣು ಆರಿಸಿ ತೆಗೆದು, ತೊಟ್ಟು ಬಿಡಿಸಿ, ಕೈಯಲ್ಲಿ ಹಿಚುಕಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದು ಕಹಿ ಬಿಡುತ್ತದೆ. 10 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿಟ್ಟುಕೊಂಡು, ಅದರಲ್ಲಿ 5 ಮಿ.ಲೀ. ಮಾತ್ರ ಸೇರಿಸಿ. ಕಾಡು ಯೀಸ್ಟು, ವಿನೆಗರ್ ಬ್ಯಾಕ್ಟೀರಿಯಾ ಅಡಗಲು ಅಷ್ಟು ಸಾಕು. ಆಸ್ತಮಾ ಇರುವವರು ಅದರ ಆವಿ ಉಸಿರಾಡಬಾರದು. ಒಂದು ದಿನ ಬಟ್ಟೆ ಮುಚ್ಚಿಟ್ಟು ಆಮೇಲೆ 1ರಿಂದ 2 ಗ್ರಾಂ ವೈನ್ ಯೀಸ್ಟನ್ನು 38 ಡಿಗ್ರಿ ಬೆಚ್ಚನೆ ನೀರಿನಲ್ಲಿ 20 ನಿಮಿಷ ನೆನೆಸಿ ಹಾಕಿ. ಬ್ರೆಡ್ಡಿನ ಯೀಸ್ಟೂ ಕೆಲಸ ಮಾಡುತ್ತದೆ, ಆದರೆ ಬೇಗ ಸೋಲುತ್ತದೆ, ಗಸಿ ಸರಿಯಾಗಿ ತಳಕ್ಕೆ ಕೂರುವುದಿಲ್ಲ. ಸಿಪ್ಪೆ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ, ದಿನಕ್ಕೆ ಮೂರು ಸಲ ಮರದ ಸೌಟಿನಿಂದ ಅದನ್ನು ಒಳಗೆ ಅದ್ದಿ. ಒಣಗಲು ಬಿಟ್ಟರೆ ವಿನೆಗರ್ ವಾಸನೆ ಶುರುವಾಗುವುದು ಅಲ್ಲಿಂದಲೇ. ಐದರಿಂದ ಏಳು ದಿನಕ್ಕೆ ಬಟ್ಟೆಯಲ್ಲಿ ಹಿಂಡಿ ಗಾಜಿನ ಜಾಡಿಗೆ ತುಂಬಿ, ಮುಚ್ಚಳದಿಂದ ಒಂದು ಸಣ್ಣ ಪೈಪ್ ಹೊರಡಿಸಿ ಅದರ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿ. ಒಳಗಿನ ಅನಿಲ ಗುಳುಗುಳು ಹೊರಹೋಗಬೇಕು, ಹೊರಗಿನ ಗಾಳಿ ಒಳಬರಬಾರದು. ಮುಚ್ಚಳ ಬಿಗಿದಿಟ್ಟ ಜಾಡಿ ಸಿಡಿಯುತ್ತದೆ, ಎಚ್ಚರ. ಹೈಡ್ರೋಮೀಟರ್ 0.995ಕ್ಕೆ ಇಳಿದು ಮೂರು ದಿನ ಅಲ್ಲೇ ನಿಂತರೆ ಹುದುಗು ಮುಗಿಯಿತು. ಗಸಿ ಕದಡದಂತೆ ಪೈಪಿನಲ್ಲಿ ಬೇರೆ ಜಾಡಿಗೆ ಇಳಿಸಿ, 3 ಲೀಟರಿಗೆ ಅದೇ ಸಲ್ಫೈಟ್ ದ್ರಾವಣ 2 ಮಿ.ಲೀ. ಹಾಕಿ, ಕತ್ತಿನವರೆಗೆ ತುಂಬಿಡಿ.

ಹಳೆಯ ಭರಣಿಯ ಬಗ್ಗೆ ಒಂದು ಮಾತು: ಕೆಲವು ಹಳೆಯ ಮೆರುಗಿನಲ್ಲಿ ಸೀಸ ಇರಬಹುದು, ಹುಳಿ ರಸ ಅದನ್ನು ಕರಗಿಸುತ್ತದೆ. ಉಪ್ಪಿನಕಾಯಿಗೆ ಬಂದದ್ದು ವೈನಿಗೂ ಆಗಲಿ ಎಂಬ ಯೋಚನೆ ಬಿಟ್ಟು ಗಾಜು ಅಥವಾ ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಬಳಸಿ. ಅಲ್ಯೂಮಿನಿಯಂ, ಹಿತ್ತಾಳೆ ಸಲ್ಲದು.

ಗೋಧಿಯಿಂದ ಯೀಸ್ಟಿಗೆ ಒಂದಿಷ್ಟು ಆಹಾರ ಸಿಗುವುದು ನಿಜ. ಜೊತೆಗೆ ಪಿಷ್ಟ ಬಿಟ್ಟು ವೈನ್ ಮಬ್ಬಾಗುತ್ತದೆ, ತೊಳೆಯದ ಕಾಳಿನಿಂದ ಬ್ಯಾಕ್ಟೀರಿಯಾವೂ ಬರುತ್ತದೆ. ನೀರು ಬೆರೆಸದ ದ್ರಾಕ್ಷಿರಸಕ್ಕೆ ಅದರ ಅಗತ್ಯವಿಲ್ಲ. ಶುಂಠಿ, ನೆಲ್ಲಿಕಾಯಿಯಂಥ ತೆಳು ರಸಕ್ಕೆ ಆಹಾರ ದರ್ಜೆಯ ಡಿಎಪಿ ಲೀಟರಿಗೆ 0.2ರಿಂದ 0.3 ಗ್ರಾಂ ಕೊಡಬಹುದು. ಗೊಬ್ಬರದ ಕೊಟ್ಟಿಗೆಯಲ್ಲಿರುವ ಡಿಎಪಿ ಚೀಲಕ್ಕೆ ಕೈಹಾಕಬೇಡಿ. ಹೆಸರು ಒಂದೇ ಆದರೂ ಅದು ತಿನ್ನಲು ಶುದ್ಧಿ ಮಾಡಿದ್ದಲ್ಲ.

ಅರ್ಧಕ್ಕೆ ನಿಂತಿದ್ದಕ್ಕೆ ಮಡಿಕೇರಿಯ ಮಳೆಗಾಲ, ಡಿಸೆಂಬರ್ ರಾತ್ರಿಗಳಲ್ಲಿ ತಂಪೂ ಕಾರಣವಿರಬಹುದು. 15 ಡಿಗ್ರಿಗಿಂತ ಕೆಳಗೆ ಹೆಚ್ಚಿನ ಯೀಸ್ಟ್ ತೂಕಡಿಸುತ್ತದೆ. ಜಾಡಿಯನ್ನು 22ರಿಂದ 25 ಡಿಗ್ರಿ ಇರುವ ಕಡೆ ಇಟ್ಟು ಎರಡು ದಿನ ನೋಡಿ. ಏಳದಿದ್ದರೆ 5 ಗ್ರಾಂ ಹೊಸ ಯೀಸ್ಟನ್ನು ಬೆಚ್ಚನೆ ನೀರಿನಲ್ಲಿ ಎಬ್ಬಿಸಿ, ಅದಕ್ಕೆ ನಿಂತ ವೈನನ್ನು ಸಮಪ್ರಮಾಣ ಸೇರಿಸಿ, ನೊರೆ ಬಂದ ಮೇಲೆ ಮತ್ತೆ ಅಷ್ಟೇ ಸೇರಿಸಿ, ಹೀಗೆ ಎರಡು ಮೂರು ಹಂತದಲ್ಲಿ ಒಗ್ಗಿಸಿ ಕೊನೆಗೆ ಜಾಡಿಗೆ ಸುರಿಯಿರಿ. ಒಮ್ಮೆಲೇ ಸುರಿದರೆ ಆಲ್ಕೋಹಾಲಿನ ಪೆಟ್ಟಿಗೆ ಹೊಸ ಯೀಸ್ಟೂ ಸಾಯುತ್ತದೆ.

ವೈನ್ ಕೊಳೆತ ಮೊಟ್ಟೆಯಂತೆ ನಾರುತ್ತಿದೆ.
— ಓದುಗರು, ಶನಿವಾರಸಂತೆ

ಯೀಸ್ಟಿಗೆ ಆಹಾರ ಸಾಲದೆ, ಅಥವಾ ಕುಯ್ಲಿಗೆ ಹತ್ತಿರ ಗಂಧಕದ ಪುಡಿ ಹೊಡೆದ ಹಣ್ಣಿನಿಂದ ಹೀಗಾಗುತ್ತದೆ. ಹುದುಗು ನಡೆಯುತ್ತಿದ್ದರೆ ಮೇಲೆ ಹೇಳಿದ ಪ್ರಮಾಣದಲ್ಲಿ ಡಿಎಪಿ ಕೊಟ್ಟು ಚೆನ್ನಾಗಿ ಕಲಕಿ. ಮುಗಿದಿದ್ದರೆ ಎತ್ತರದಿಂದ ಚಿಮ್ಮುವಂತೆ ಬೇರೆ ಪಾತ್ರೆಗೆ ಇಳಿಸಿ ಸಲ್ಫೈಟ್ ಹಾಕಿ. ಗಸಿಯ ಮೇಲೆ ವಾರಗಟ್ಟಲೆ ಬಿಟ್ಟರೆ ವಾಸನೆ ಬೇರೂರುತ್ತದೆ. ಮೈಲುತುತ್ತ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಕೆನಡಾದ ಐಸ್ ವೈನನ್ನು ಫ್ರೀಜರಿನಲ್ಲಿ ಮಾಡಬಹುದೇ?
— ಓದುಗರು, ಕುಶಾಲನಗರ

ಆ ಹೆಸರಿನ ವೈನ್ ಆಗದು, ಅದೇ ತತ್ವದ ಸಿಹಿ ವೈನ್ ಆಗುತ್ತದೆ. ಕೆನಡಾದ ನಿಯಮದಂತೆ ಹಣ್ಣು ಬಳ್ಳಿಯಲ್ಲೇ ಹೆಪ್ಪುಗಟ್ಟಬೇಕು, ಸೊನ್ನೆಗಿಂತ 8 ಡಿಗ್ರಿ ಅಥವಾ ಇನ್ನೂ ಕೆಳಗಿನ ಚಳಿಯಲ್ಲಿ ಕುಯ್ದು ಹೆಪ್ಪುಗಟ್ಟಿರುವಾಗಲೇ ಹಿಂಡಬೇಕು, ರಸ 35 ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಸುಮಾರು 35 ಗ್ರಾಂ ಸಕ್ಕರೆ) ಇರಬೇಕು. ಅಲ್ಲಿ ಇದಕ್ಕೆ ವಿಡಾಲ್, ರೀಸ್ಲಿಂಗ್ ತಳಿಗಳು.

ಮನೆಯಲ್ಲಾದರೆ ಸೋಸಿದ ರಸವನ್ನು ಮುಕ್ಕಾಲು ತುಂಬಿದ ಬಾಟಲಿಗಳಲ್ಲಿ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಆಮೇಲೆ ಫ್ರಿಜ್ಜಿನೊಳಗೇ ಪಾತ್ರೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಮೊದಲು ಕರಗಿ ಇಳಿಯುವುದು ಗಟ್ಟಿ ಸಿಹಿರಸ, ನೀರಿನಂಶ ಮಂಜುಗಡ್ಡೆಯಾಗಿ ಹಿಂದುಳಿಯುತ್ತದೆ. ಒಟ್ಟು ರಸದ ಮೂರನೇ ಒಂದು ಭಾಗ ಇಳಿಯುವ ಮೊದಲೇ ಅಳೆಯಲು ಶುರುಮಾಡಿ. ಕೂಡಿಟ್ಟ ರಸ 1.150ಕ್ಕಿಂತ ಕೆಳಗಿಳಿಯುತ್ತಿದ್ದಂತೆ ನಿಲ್ಲಿಸಿ. ಸಿಹಿಯ ಜೊತೆ ಹುಳಿಯೂ ಗಟ್ಟಿಯಾಗಿರುವುದರಿಂದ ಬಾಯಿಗೆ ಜಿಡ್ಡೆನಿಸುವುದಿಲ್ಲ. ಇಷ್ಟು ಸಕ್ಕರೆಯಲ್ಲಿ ಇಸಿ-1118ನಂಥ ಗಟ್ಟಿ ಯೀಸ್ಟೇ ಬೇಕು, ಅದೂ ವಾಡಿಕೆಯ ಎರಡರಷ್ಟು. ಶೇ 9ರಿಂದ 11ಕ್ಕೆ ತಾನಾಗಿಯೇ ನಿಲ್ಲುತ್ತದೆ, ಎಬ್ಬಿಸಲು ಹೋಗಬೇಡಿ.

ಮನೆಯಲ್ಲಿ ಮಾಡಿದ್ದನ್ನು ಪ್ರವಾಸಿಗರಿಗೆ ಮಾರಬಹುದೇ?
— ಓದುಗರು, ಮಡಿಕೇರಿ

ಪರವಾನಗಿ ಇಲ್ಲದೆ ಸಲ್ಲದು. ವೈನ್ ತಯಾರಿಕೆಯೂ ಮಾರಾಟವೂ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಬರುತ್ತವೆ. ಹೋಂಸ್ಟೇಯಲ್ಲಿ ಊಟದ ಜೊತೆ ಕೊಟ್ಟು ಬಿಲ್ಲಿಗೆ ಸೇರಿಸುವುದೂ ಮಾರಾಟವೇ. ಮನೆಮಟ್ಟಿಗೆ ಮಾಡುವವರೂ ಜಿಲ್ಲಾ ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಿರಿ.

ಭಾವ ಕೆನಡಾದಿಂದ ತಂದ ಬಿಳಿ ವೈನಿನ ತಳದಲ್ಲಿ ಗಾಜಿನ ಪುಡಿಯಂಥದ್ದು ಇದೆ. ಎಸೆಯಬೇಕೇ?
— ಓದುಗರು, ಪೊನ್ನಂಪೇಟೆ

ಬೇಡ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೂ ಪೊಟ್ಯಾಸಿಯಮ್ಮೂ ಸೇರಿ ಚಳಿಗೆ ಹರಳುಗಟ್ಟಿದೆ, ಫ್ರಿಜ್ಜಿನಲ್ಲಿಟ್ಟ ಮೇಲೆ ಕಾಣಿಸಿಕೊಂಡಿರಬೇಕು. ಒಂದು ಹರಳು ತೆಗೆದು ಬಿಸಿನೀರಿಗೆ ಹಾಕಿ ನೋಡಿ: ಕರಗಿದರೆ ಇದೇ, ಕರಗದಿದ್ದರೆ ಗಾಜೆಂದು ತಿಳಿದು ಬಾಟಲಿ ಬದಿಗಿಡಿ. ಹರಳೇ ಆದರೆ ಬಾಟಲಿಯನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿ, ಕದಡದಂತೆ ಬಗ್ಗಿಸಿಕೊಂಡು, ತಳದ ಎರಡು ಬೆರಳಿನಷ್ಟನ್ನು ಬಿಟ್ಟುಬಿಡಿ.